ಮೊದಲ ಫೋನ್ ಯಾರಿಗೆ

ನನ್ನ ಗಂಡ ತೀರಿಕೊಂಡು ಎರಡು ವರ್ಷವಾಯಿತು. ಫ್ಯಾಕ್ಟರಿಗೆ ಹೋಗುವಾಗ ಕಸರಾನಿ ಬಳಿ ಅವರ ಕಾರಿಗೆ ಮಟಾಟು, ಅಂದರೆ ಇಲ್ಲಿನ ಬಾಡಿಗೆ ವ್ಯಾನು, ಗುದ್ದಿತ್ತು. ಅಲ್ಲಿದ್ದವರು ಯಾರೋ ಅವರ ಫೋನಿನಿಂದಲೇ ನನಗೆ ಹೇಳಿದರು. ನಾನು ಈ ಪರದೇಶದಲ್ಲಿ ನಮ್ಮ ಕನ್ನಡದವರೆಲ್ಲ ಮಾಡುವುದನ್ನೇ ಮಾಡಿದೆ. ಮುಥೈಗಾದಲ್ಲಿ ಕ್ಲಿನಿಕ್ ಇಟ್ಟಿರುವ ನಮ್ಮ ಕನ್ನಡದ ಡಾಕ್ಟರಿಗೆ ಫೋನ್ ಮಾಡಿ, ಗಂಡನ ಜೊತೆಗಿದ್ದವರಿಗೆ ಅಲ್ಲಿಗೇ ಕರೆದುಕೊಂಡು ಹೋಗಿ ಎಂದೆ. ಜ್ವರ, ಸಕ್ಕರೆ ಕಾಯಿಲೆ, ಮಕ್ಕಳ ಲಸಿಕೆ, ನಮಗೆ ಎಲ್ಲಕ್ಕೂ ಅವರೇ. ಒಳ್ಳೆಯವರು. ಆದರೆ ಅಲ್ಲಿ ಆಪರೇಷನ್ ಥಿಯೇಟರ್ ಇಲ್ಲ. ಹೊಟ್ಟೆಯೊಳಗೆ ರಕ್ತ ಸೋರುತ್ತಿದೆ ಎಂದು ಅವರು ಕೂಡಲೇ ದೊಡ್ಡ ಆಸ್ಪತ್ರೆಗೆ ಕಳಿಸಿದರು. ದಾರಿ ತುಂಬ ಜಾಮ್. ಮುಟ್ಟುವಷ್ಟರಲ್ಲಿ ಮುಗಿದಿತ್ತು.

ಈಗ ಕೆಲವು ಫ್ಯಾಕ್ಟರಿಗಳು ಸೇರಿ ಒಂದು ಆಂಬುಲೆನ್ಸ್ ಇಟ್ಟುಕೊಂಡಿವೆ. ಅದು ಎಲ್ಲಿಗೆ ಹೋಗಬೇಕೆಂದು ಹೇಳುವ ಕೆಲಸವನ್ನು ನಾನೇ ಕೇಳಿ ಪಡೆದೆ. ಬೆಳಿಗ್ಗೆ ಮೂರು ಆಸ್ಪತ್ರೆಗಳಿಗೆ ಫೋನ್ ಮಾಡುತ್ತೇನೆ. ಸರ್ಜನ್ ಇದ್ದಾರೆಯೇ, ಥಿಯೇಟರ್ ಖಾಲಿ ಇದೆಯೇ, ರಕ್ತ ಇದೆಯೇ? ಉತ್ತರವನ್ನು ಬೋರ್ಡಿನ ಮೇಲೆ ಬರೆಯುತ್ತೇನೆ. ಬರೆದ ಕ್ಷಣದಿಂದಲೇ ಅದು ಸುಳ್ಳಾಗಿರಬಹುದು ಎಂಬ ಭಯ ಶುರುವಾಗುತ್ತದೆ.

ಕಳೆದ ತಿಂಗಳು ಒಂದು ಮಧ್ಯಾಹ್ನ ಇಲ್ಲಿನ ಒಂದು ಫ್ಯಾಕ್ಟರಿಯಲ್ಲಿರುವ, ಮೈಸೂರು ಕಡೆಯ ಮ್ಯಾನೇಜರ್ ಒಬ್ಬರ ಫೋನ್ ಬಂತು.

"ಮೇಡಂ, ನಮ್ ಲೋಡರ್ ಫೋರ್ಕ್‌ಲಿಫ್ಟಿಗೂ ಗೋಡೆಗೂ ಮಧ್ಯ ಸಿಕ್ಕೊಂಡ. ಮಾತಾಡ್ತಿದಾನೆ, ಆದ್ರೆ ಮೈಯೆಲ್ಲ ತಣ್ಣಗಿದೆ. ಮುಥೈಗಾ ಡಾಕ್ಟರಿಗೆ ಹೇಳಿದೀನಿ, ವೇಟ್ ಮಾಡ್ತಿದಾರೆ."

"ಬೇಡ. ಅಲ್ಲಿಗೆ ಬೇಡ."

"ಅಲ್ರೀ, ಬೇರೆ ಕಡೆ ಕಾರಿಡಾರಲ್ಲಿ ಮಲಗಿಸ್ತಾರೆ! ನಮ್ಮವರಾದ್ರೆ ಕೂಡ್ಲೇ ನೋಡ್ತಾರೆ."

"ನೋಡ್ತಾರೆ. ನೋಡಿ ಕಳಿಸ್ತಾರೆ. ಲೈನಲ್ಲಿರಿ."

ಹತ್ತಿರದ ಆಸ್ಪತ್ರೆಯ ಥಿಯೇಟರ್ ಖಾಲಿ ಎಂದು ಬೋರ್ಡಿನಲ್ಲಿತ್ತು. ಇನ್ನೊಂದು ಫೋನಿನಿಂದ ಕೇಳಿದೆ. ಈಗಷ್ಟೇ ಒಬ್ಬರನ್ನು ಒಳಗೆ ತೆಗೆದುಕೊಂಡೆವು ಎಂದರು. ಎರಡನೆಯದರಲ್ಲಿ ಯಾರೂ ಫೋನ್ ಎತ್ತಲಿಲ್ಲ. ಮೂರನೆಯದು ದೂರ. ಅಲ್ಲಿನ ನರ್ಸ್ "ಸವಾ, ಆಯಿತು, ತನ್ನಿ, ತಯಾರಿರುತ್ತೇವೆ" ಎಂದಳು.

"ಅದು ಡಬಲ್ ದೂರ ಕಣ್ರೀ!" ಮ್ಯಾನೇಜರ್ ಕೂಗಿದರು. "ದಾರೀಲಿ ಏನಾದ್ರೂ ಆದ್ರೆ? ನೀವು ರೆಸ್ಪಾನ್ಸಿಬಲ್ಲಾ?"

"ಹೌದು. ಹೊರಡಿಸಿ."

ಫೋನಿಟ್ಟೆ. ದೂರದ್ದನ್ನು ಹೇಳಿ ತಪ್ಪು ಮಾಡಿದೆನೇ? ನೀರು ಕುಡಿಯಲು ಹೋಗಿ ಮೈಮೇಲೆ ಚೆಲ್ಲಿಕೊಂಡೆ. ಎರಡು ಸಲ ಡ್ರೈವರಿಗೆ ಫೋನ್ ಮಾಡಲು ಹೊರಟು, ಅವನ ಗಮನ ತಪ್ಪಿಸಬಾರದೆಂದು ಬಿಟ್ಟೆ. ಕೊನೆಗೆ ನರ್ಸೇ ಫೋನ್ ಮಾಡಿದಳು. ಬಾಗಿಲಿನಿಂದ ನೇರ ಥಿಯೇಟರಿಗೆ ಒಯ್ದಿದ್ದರು.

ನಾಲ್ಕನೇ ದಿನ ಆ ಲೋಡರ್ ಎದ್ದು ಕೂತು ಚಹಾ ಕೇಳಿದನಂತೆ. ಅವನ ಹೆಂಡತಿ ನನಗೆ ಫೋನ್ ಮಾಡಿ "ಅಸಾಂಟೆ, ಮಮಾ, ಅಸಾಂಟೆ" ಎಂದು ಧನ್ಯವಾದ ಹೇಳುತ್ತಲೇ ಇದ್ದಳು. ಹಿಂದಿನಿಂದ ಅವನು ಏನೋ ಹೇಳಿದ್ದಕ್ಕೆ ಅವಳು ಗದರಿದಳು. ನನಗೆ ಸಂತೋಷವಾಯಿತು. ಆದರೆ ಅದು ಬರಲು ಸ್ವಲ್ಪ ಹೊತ್ತು ಹಿಡಿಯಿತು. ಮೊದಲು ಬಂದದ್ದು ಹೊಟ್ಟೆಕಿಚ್ಚು.