ಧೂಳಪ್ಪನಿಗೆ ಹೊದಿಸಿದ ಶಾಲು

ಹೊನವಾಡದ ಧೂಳಪ್ಪನಿಗೆ ಸಿಟ್ಟು ಬಂದರೆ ಬಲಗೈ ತಾನಾಗಿ ತಿರುಗುತ್ತದೆ. ಯಾರನ್ನೂ ಹೊಡೆಯುವುದಕ್ಕಲ್ಲ, ಅದು ಸಾಫ್ಟ್‌ಬಾಲ್ ಎಸೆದು ಪಳಗಿದ ಕೈ. ತೋಳನ್ನು ರಾಟೆಯ ಹಾಗೆ ಪೂರ್ತಿ ಸುತ್ತು ತಿರುಗಿಸಿ, ಸೊಂಟದ ಬದಿಯಿಂದ ಚೆಂಡು ಬಿಡಬೇಕು. ಅದು ನೆಲ ಮುಟ್ಟದೆ ಬ್ಯಾಟಿನ ಮುಂದೆ ಬುಸ್ಸೆಂದು ಹಾಯಬೇಕು. ಈ ಸುತ್ತು ಅವನಿಗೆ ಬಂದದ್ದು ಅಪ್ಪ ಅಮೋಘಸಿದ್ದನಿಂದ. ಅಮೋಘಸಿದ್ದ ಸಾಫ್ಟ್‌ಬಾಲಿನ ಹೆಸರೂ ಕೇಳಿದವನಲ್ಲ. ಜೋಳದ ಹೊಲದ ಅಟ್ಟದ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಓಡಿಸುತ್ತಿದ್ದ. ಮಗ ಆ ತೋಳನ್ನು ಶಾಲೆಯ ಮೈದಾನಕ್ಕೆ ಒಯ್ದ. ಈಗ ಮಗಳು ಕಸ್ತೂರಿಗೆ ದಾಟಿಸಿದ್ದಾನೆ. ದಿನಾ ಬೆಳಗ್ಗೆ ದ್ರಾಕ್ಷಿ ತೋಟದ ಬದುವಿನಲ್ಲಿ ಅವಳು ಎಸೆಯುವುದು, ಇವನು ಕುಕ್ಕರಗಾಲಲ್ಲಿ ಕೂತು ಹಿಡಿಯುವುದು.

"ಅಪ್ಪಗ, ಮಗಳಿಗೆ ಬಡಕೊಂಡಿದ್ದು ಒಂದ ದೆವ್ವ," ಎನ್ನುತ್ತಾಳೆ ಹೆಂಡತಿ ಸಾವಂತ್ರವ್ವ.

ಆ ಭಾನುವಾರ ವಿಜಯಪುರದ ಒಂದು ಸಾಫ್ಟ್‌ಬಾಲ್ ಬಳಗ ಮೈಸೂರಿಗೆ ಹೋಗುವ ಹುಡುಗಿಯರ ತಂಡವನ್ನು ಆರಿಸುವುದಿತ್ತು. ಚೆಂಡು ಎಸೆಯುವವಳು ಒಬ್ಬಳೇ ಬೇಕು. ಮಧ್ಯಾಹ್ನ ಹನ್ನೆರಡಕ್ಕೆ ಮೈದಾನ ಕ್ರಿಕೆಟ್ಟಿನವರ ಪಾಲು. ಅಪ್ಪ ಮಗಳು ಮೊದಲ ಬಸ್ಸಿಗೇ ಬಂದಿಳಿದರು.

ಆದರೆ ಆಟಕ್ಕಿಂತ ಮೊದಲು ಸನ್ಮಾನ ಶುರುವಾಯಿತು. ಬಳಗದ ಅಧ್ಯಕ್ಷ ಭೀಮಾಶಂಕರನಿಗೆ ಸಿದ್ಧೇಶ್ವರ ಗುಡಿಯ ಹತ್ತಿರ ಬಟ್ಟೆ ಅಂಗಡಿ. ಹಾಗಾಗಿ ಶಾಲಿಗೆ ಬರವಿಲ್ಲ. ಚೆಂಡು ಕೊಡಿಸಿದವರಿಗೆ ಶಾಲು, ಕುರ್ಚಿ ತರಿಸಿದವರಿಗೆ ಶಾಲು, ಶಾಲು ಹೊದಿಸಿದವರಿಗೂ ಒಂದು ಶಾಲು. ಹುಡುಗಿಯರು ಬಿಸಿಲಲ್ಲಿ ಸಾಲಾಗಿ ನಿಂತು ಚಪ್ಪಾಳೆ ಹೊಡೆಯಬೇಕು.

ಧೂಳಪ್ಪನ ಬಲಗೈ ತಿರುಗತೊಡಗಿತು. ಪಕ್ಕದಲ್ಲಿದ್ದವನು ಟಿಕೋಟಾದ ಲಾಡಲೇಸಾಬ. ಶಾಲೆಯಲ್ಲಿ ಇವನ ಚೆಂಡು ಹಿಡಿಯುತ್ತಿದ್ದವನು. ಈಗ ಅವನ ಮಗಳೂ ಹುಡುಗಿಯರ ಸಾಲಿನಲ್ಲಿದ್ದಳು.

"ಸುಮ್ನ ಕೂಡ್ರಲೇ, ದೊಡ್ಡ ಮಂದಿ ಅದಾರ."

"ದೊಡ್ಡ ಮಂದಿ! ನನ್ನ ಮಗಳ ಹೊತ್ತು ತಿನ್ನಾಕತ್ತಾರ. ಮೈಕ ಕಸಗೊಂಡ ಬರ್ತೇನಿ, ನೋಡ್ತಿರು."

ದಡದಡ ವೇದಿಕೆ ಹತ್ತಿಯೇಬಿಟ್ಟ. ಭೀಮಾಶಂಕರ ಇಂಥ ಸಿಟ್ಟು ಬೇಕಾದಷ್ಟು ಕಂಡವನು. ಧೂಳಪ್ಪ ಬಾಯಿ ತೆರೆಯುವಷ್ಟರಲ್ಲಿ ಹೆಗಲ ಮೇಲೆ ಶಾಲು ಬಿತ್ತು. "ನೋಡ್ರಿ, ಹಳೇ ಆಟಗಾರರು! ಇಂಥಾವ್ರು ನಮ್ಮ ಆಸ್ತಿ ರೀ!" ಎಂದು ಮೈಕನ್ನು ತಾನೇ ಅವನ ಕೈಗಿಟ್ಟ.

ಧೂಳಪ್ಪ ಒಮ್ಮೆ ಶಾಲಿನ ಅಂಚು ಮುಟ್ಟಿ ನೋಡಿಕೊಂಡ. ಗಂಟಲು ಸರಿಮಾಡಿಕೊಂಡ.

"ಎರಡ ಮಾತು ಹೇಳ್ತೇನ್ರಿ," ಎಂದ.

ಮೊದಲನೆಯ ಮಾತು ಅಪ್ಪನ ಕವಣೆಯಿಂದ ಹೊರಟು ಶಾಲೆಯ ಮೈದಾನ ತಲುಪುವಷ್ಟರಲ್ಲಿ ವೇದಿಕೆಯವರ ಚಹಾ ಮುಗಿದಿತ್ತು. ಎರಡನೆಯದರಲ್ಲಿ ಅವನು ಗೆದ್ದ ಪಂದ್ಯಗಳು ಬಂದವು, ಗೆಲ್ಲದವೂ ಗೆದ್ದುಕೊಂಡೇ ಬಂದವು. ಸಾಲಿನಿಂದ ಕಸ್ತೂರಿ, "ಯಪ್ಪಾ, ಸಾಕು ಇಳೀ!" ಎಂದು ಚೀರಿದಳು. ಅವನು ಅದನ್ನು ಮೆಚ್ಚುಗೆ ಎಂದುಕೊಂಡು ಕೈ ಬೀಸಿದ.

ಇಳಿದಾಗ ಹನ್ನೆರಡಕ್ಕೆ ಸ್ವಲ್ಪವೇ ಹೊತ್ತಿತ್ತು. ಸಿಟಿಯ ಶಾಲೆಗಳನ್ನು ಮೊದಲು ಕರೆದರು, ಹಳ್ಳಿಯವನ್ನು ಆಮೇಲೆ. ಕಸ್ತೂರಿಯ ಹೆಸರು ಕೂಗುವಾಗ ಕ್ರಿಕೆಟ್ಟಿನ ಹುಡುಗರು ಸ್ಟಂಪು ಹುಗಿಯುತ್ತಿದ್ದರು. ಉಳಿದವರಿಗೆ ಆರು ಚೆಂಡು, ಅವಳಿಗೆ ಒಂದೇ. ಸಿಟ್ಟಿನಲ್ಲಿ ತೋಳು ಬಿಗಿದಿತ್ತು. ಚೆಂಡು ಹಿಡಿಯುವವಳ ತಲೆಯ ಮೇಲಿಂದ ಹಾರಿಹೋಯಿತು.

"ಮುಂದಿನ ವರ್ಷ ನೋಡೂಣು," ಎಂದ ಭೀಮಾಶಂಕರ, ಶಾಲಿನ ಖಾಲಿ ಚೀಲ ಮಡಚುತ್ತ.

ಬಸ್ಸಿನಲ್ಲಿ ಕಸ್ತೂರಿ ಅಪ್ಪನ ಪಕ್ಕದ ಸೀಟು ಬಿಟ್ಟು ಮುಂದೆ ಹೋಗಿ ಕೂತಳು. ಟಿಕೋಟಾದಲ್ಲಿ ಇಳಿಯುವಾಗ ಲಾಡಲೇಸಾಬ, "ಶಾಲು ಚಲೋ ಐತಿ ಬಿಡೋ," ಎಂದ. ಧೂಳಪ್ಪನ ಕೈ ತಿರುಗಲು ಹೋಯಿತು. ಯಾರ ಮೇಲೆ ತಿರುಗಬೇಕೆಂದು ತಿಳಿಯದೆ ತೊಡೆಯ ಮೇಲೆ ಬಿತ್ತು.

ಬಾಗಿಲಲ್ಲೇ ಸಾವಂತ್ರವ್ವ ಕೇಳಿದಳು, "ಏನಬೇ, ಆತೇನು?"

"ಅಪ್ಪಂದು ಆತು," ಎಂದಳು ಕಸ್ತೂರಿ.

ಅಪ್ಪನ ಹೆಗಲಿನಿಂದ ಶಾಲು ಎಳೆದುಕೊಂಡು ನೆಟ್ಟಗೆ ದ್ರಾಕ್ಷಿ ತೋಟಕ್ಕೆ ಹೋದಳು. ಎರಡು ಕಲ್ಲುಕಂಬಗಳ ನಡುವಿನ ತಂತಿಗೆ ಕಟ್ಟಿ, "ಹಿಂದ ಕೂಡ್ರು," ಎಂದಳು. ಧೂಳಪ್ಪ ಗ್ಲೌಸು ಹಾಕಿಕೊಂಡು ಶಾಲಿನ ಹಿಂದೆ ಕುಕ್ಕರಿಸಿದ.

ತೋಳು ಸುತ್ತಿತು, ಚೆಂಡು ಬಂತು. ಭೀಮಾಶಂಕರನ ಅಂಗಡಿಯ ಮಾಲು. ಮೂರನೆಯ ಏಟಿಗೇ ಹರಿಯಿತು.

"ಕಸ್ತೂರಿ, ತೋಳು ಸ್ವಲ್ಪ ಸಡಲ..."

"ಭಾಷಣಾ ಬ್ಯಾಡ. ಹಿಡಿ."

ಮುಂದಿನ ಚೆಂಡು ಹರಕಿನೊಳಗಿಂದ ನೇರ ಬಂದು ಗ್ಲೌಸಿನಲ್ಲಿ ಫಟ್ಟೆಂದಿತು. ಅಂಗೈ ಉರಿದುಹೋಯಿತು. ಧೂಳಪ್ಪ ಬಾಯಿ ಬಿಡದೆ ಚೆಂಡನ್ನು ವಾಪಸು ಎಸೆದ.