ಕೈಗೆ ಕೊಟ್ಟ ಕೂಸು, ಹೊರಟ ರೈಲು

ರೈಲು ಇನ್ನೂ ನಿಂತಿರಲೇ ಇಲ್ಲ, ಹೆಂಗಸರು ಅದರೊಳಕ್ಕೆ ಹಾರತೊಡಗಿದರು. ಮುಡಿಯಲ್ಲಿ ಹೂವಿದ್ದವರು, ಕೈಯಲ್ಲಿ ಊಟದ ಡಬ್ಬಿ ಹಿಡಿದವರು, ನಮ್ಮಮ್ಮನ ವಯಸ್ಸಿನವರು. ಮುಂಬೈಗೆ ಬಂದ ಮೂರನೆಯ ದಿನ ನಾಲಾಸೋಪಾರಾ ಸ್ಟೇಷನ್ನಿನಲ್ಲಿ ಇದನ್ನು ಕಂಡು ನಾನು ಗಂಡನ ತೋಳು ಹಿಡಿದುಕೊಂಡೆ. ಅವರು ನಗುತ್ತ, "ನೋಡ್ಕಳೆ, ನಾಳಿಂದ ನೀನೂ ಹೀಂಗೇ ಹತ್ಬೇಕು" ಅಂದರು. ಅವತ್ತು ಹೊಕ್ಕ ಹೆದರಿಕೆ ಇಂದಿಗೂ ಪೂರ್ತಿ ಬಿಟ್ಟಿಲ್ಲ.

ನಾನು ಹೊನ್ನಾವರದ ಹತ್ತಿರದ ಕರ್ಕಿಯವಳು. ನಮ್ಮ ಮನೆ ಹೆದ್ದಾರಿಗೆ ಎಷ್ಟು ಹತ್ತಿರವೆಂದರೆ, ಹಾರ್ನ್ ಕೇಳಿಯೇ ಇದು ಕುಮಟಾ ಬಸ್ಸು, ಇದು ಭಟ್ಕಳದ್ದು, ಇದು ಇಡಗುಂಜಿಗೆ ಹೋಗುವ ಟೆಂಪೋ ಎಂದು ಹೇಳುತ್ತಿದ್ದೆ. ಅಣ್ಣ ನನ್ನನ್ನು ಬಸ್ಸಿನ ಹುಚ್ಚಿ ಎಂದೇ ಕರೆಯುತ್ತಿದ್ದ. ಹುಟ್ಟುಗುಣ ಎಲ್ಲಿ ಹೋಗುತ್ತದೆ? ಇಲ್ಲಿಯೂ ಹೆದರುತ್ತಲೇ ರೈಲುಗಳನ್ನು ಕಲಿತೆ. ಪ್ಲಾಟ್‌ಫಾರ್ಮಿನಲ್ಲಿ ತೂಗುಹಾಕಿದ ಹಲಗೆಗೆ ಇಲ್ಲಿಯವರು ಇಂಡಿಕೇಟರ್ ಅನ್ನುತ್ತಾರೆ. ಅದರಲ್ಲಿ ಎಸ್ ಇದ್ದರೆ ಎಲ್ಲ ಕಡೆ ನಿಲ್ಲುವ ನಿಧಾನದ ಗಾಡಿ, ಎಫ್ ಇದ್ದರೆ ನಡುವಿನ ಊರುಗಳನ್ನು ಬಿಟ್ಟು ಓಡುವ ಗಾಡಿ. ಹೆಂಗಸರ ಡಬ್ಬಿ, ಅಂದರೆ ಬೋಗಿ, ಯಾವ ಕಂಬದ ಎದುರು ನಿಲ್ಲುತ್ತದೆ ಎಂಬುದನ್ನೂ ಗುರುತು ಹಾಕಿಕೊಂಡೆ. ಮೀನು ಮಾರುವವರಿಗಾಗಿ ಬೇರೆ ಡಬ್ಬಿಯೇ ಇದೆ! ನಮ್ಮಲ್ಲಿ ಅಮ್ಮ ಮೀನಿನ ಬುಟ್ಟಿ ಹೊತ್ತು ಬಸ್ಸು ಹತ್ತಿದರೆ, ನೀರು ಸೋರುತ್ತದೆಂದು ಕಂಡಕ್ಟರ್ ದಿನಾ ರಗಳೆ ತೆಗೆಯುತ್ತಿದ್ದ. ಆದರೂ "ಹೋಲ್ಡಾನ್, ಹೋಲ್ಡಾನ್" ಎಂದು ಕೂಗಿದರೆ ಅದೇ ಕಂಡಕ್ಟರ್ ಬಸ್ಸು ನಿಲ್ಲಿಸಿ ಕಾಯುತ್ತಿದ್ದ. ಇಲ್ಲಿಯ ಲೋಕಲ್ ರೈಲು ಯಾರ ಕೂಗನ್ನೂ ಕೇಳುವುದಿಲ್ಲ.

ಮನೆಯೆಂದರೆ ಒಂದೇ ಕೋಣೆ. ಕುಚ್ಚಲಕ್ಕಿ ಸಿಗುವ ಅಂಗಡಿ ಹುಡುಕುವುದಕ್ಕೇ ಎರಡು ತಿಂಗಳು ಹಿಡಿಯಿತು. ಗಂಡ ಮೀನು ಇಡುವ ಶೀತಲ ಗೋದಾಮಿನಲ್ಲಿ ಕೆಲಸಕ್ಕೆ ಹೋಗುತ್ತಾರೆ; ನಾನು ಭಾಯಂದರ್‌ನಲ್ಲಿ ರವಿಕೆ ಹೊಲಿಯುವ ಕಾರ್ಖಾನೆಗೆ. ಅಲ್ಲೇ ಹತ್ತಿರ ನಾದಿನಿಯ ಮನೆ. ಒಂದೂವರೆ ವರ್ಷದ ನನ್ನ ಮಗಳು ಚೈತ್ರಾಳನ್ನು ಅವಳ ಬಳಿ ಬಿಟ್ಟು ಕೆಲಸಕ್ಕೆ ಹೋಗಬೇಕು. ಹೀಗಾಗಿ ದಿನಾ ಬೆಳಿಗ್ಗೆ ಸೊಂಟದ ಮೇಲೆ ಮಗು, ಹೆಗಲಿಗೆ ಚೀಲ. ಹತ್ತುವ ಮೊದಲು ಒಮ್ಮೆ ಇಡಗುಂಜಿ ಗಣಪತಿಯನ್ನು ನೆನೆಯುತ್ತಿದ್ದೆ, ಹತ್ತಿದ ಮೇಲೆ ಇನ್ನೊಮ್ಮೆ.

ಒಂದು ದಿನ ಮನೆಯಲ್ಲಿ ಹೊಲಿದು ಮುಗಿಸಿದ ರವಿಕೆಗಳ ಗಂಟೂ ಇತ್ತು. ಭಾರವೆಂದು ಅದನ್ನು ಕಾಲ ಬಳಿ ಇಟ್ಟುಕೊಂಡಿದ್ದೆ. ರೈಲು ಬಂತು. ಬಾಗಿಲಲ್ಲಿ ಹಸಿರು ಸೀರೆಯ ಹೆಂಗಸೊಬ್ಬಳು ನಿಂತಿದ್ದಳು. ಅವಳು ಕೇಳಲಿಲ್ಲ, ಕೈ ಚಾಚಲೂ ಇಲ್ಲ. ನಾನೇ, "ಸ್ವಲ್ಪ ಹಿಡ್ಕಳಿ ಅಕ್ಕ" ಎಂದು ಕನ್ನಡದಲ್ಲಿಯೇ ಹೇಳಿ ಮಗುವನ್ನು ಅವಳ ಕೈಗೆ ಕೊಟ್ಟು, ಗಂಟು ಎತ್ತಿಕೊಳ್ಳಲು ಬಗ್ಗಿದೆ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊನ್ನಾವರ ಸ್ಟ್ಯಾಂಡಿನಲ್ಲಿ ಬಸ್ಸು ತುಂಬಿದ್ದರೆ ಕೂಸನ್ನು ಕಿಟಕಿಯಿಂದಲೇ ಒಳಗೆ ಕುಳಿತವರ ಕೈಗೆ ಕೊಟ್ಟು, ಆಮೇಲೆ ಬಾಗಿಲಿಗೆ ಹೋಗಿ ನಿಧಾನ ಹತ್ತುವುದು ನಮ್ಮ ರೂಢಿ. ಯಾರ ಕೈ ಎಂದು ಯಾರು ನೋಡುತ್ತಾರೆ? ನಾನೂ ಹಾಗೆ ಎಷ್ಟೋ ತೊಡೆಗಳ ಮೇಲೆ ಕುಳಿತು ಬೆಳೆದವಳು. ಕೈಗೆ ಅಂಟಿದ ರೂಢಿ, ತಲೆಯನ್ನು ಕೇಳಿ ಕೆಲಸ ಮಾಡುವುದಿಲ್ಲ.

ನಾನು ತಲೆ ಎತ್ತುವಷ್ಟರಲ್ಲಿ ಎದುರಿಗೆ ಬೆನ್ನುಗಳೇ ಬೆನ್ನುಗಳು. ರೈಲು ಹೊರಟಿತ್ತು. ಹಸಿರು ಸೀರೆ ಕಾಣಲಿಲ್ಲ, ಚೈತ್ರಾ ಅಳುವುದು ಮಾತ್ರ ಕೇಳಿತು. ಗಂಟು ಬಿಸಾಡಿ ಓಡಿದೆ. "ಹೋಲ್ಡಾನ್!" ಎಂದು ಕೂಗಿದೆನಂತೆ, ನನಗೆ ನೆನಪಿಲ್ಲ. ಹಿಂದಿನಿಂದ ಯಾರೋ ಜಡೆ ಹಿಡಿದು ಎಳೆದರು. "ಮರ್‌ನಾ ಹೈ ಕ್ಯಾ?" ಸಾಯಬೇಕೆ ಎಂದು ಬೈಯುತ್ತಿದ್ದಳು ಒಬ್ಬ ಹುಡುಗಿ. "ಮೇರಾ ಬಚ್ಚಾ" ಎಂಬ ಎರಡೇ ಮಾತು ನನ್ನ ಬಾಯಿಂದ ಹೊರಟಿತು.

ಆಗ ನನ್ನ ಹುಚ್ಚು ಕೆಲಸಕ್ಕೆ ಬಂತು. ಹೋದದ್ದು ಎಸ್ ಗಾಡಿ. ಮುಂದಿನದು ವಸಯಿ ರೋಡ್, ನಿಲ್ಲಲೇಬೇಕು. ನಡುವಿನ ಹೆಂಗಸರ ಡಬ್ಬಿ. ಅವಳು ಇಳಿಯುವವಳಾದರೆ ಅಲ್ಲಿಯೇ ಇಳಿಯುತ್ತಾಳೆ. ಇಳಿಯದಿದ್ದರೆ? ಈ ಊರಿನಲ್ಲಿ ಹಸಿರು ಸೀರೆಯವರು ಎಷ್ಟು ಮಂದಿ! ಹೆಸರಿಲ್ಲ, ಮುಖವೂ ಸರಿಯಾಗಿ ನೋಡಿಲ್ಲ. ಪೊಲೀಸರು ಕೇಳಿದರೆ ಏನು ಹೇಳಲಿ, ನಾನೇ ಕೊಟ್ಟೆ ಅನ್ನಲೇ? ಮುಂದಿನ ರೈಲು ಬರುವವರೆಗೆ ನನ್ನ ಜಡೆ ಹಿಡಿದ ಹುಡುಗಿ ನನ್ನ ಕೈ ಬಿಡಲಿಲ್ಲ. ಅವಳೂ ನನ್ನ ಜೊತೆಗೇ ಹತ್ತಿದಳು. ಒಂದೇ ಒಂದು ಸ್ಟೇಷನ್ನಿನ ದೂರ. ಅಷ್ಟರಲ್ಲಿ ನಾನು ಮಗಳನ್ನು ಎಷ್ಟು ಸಲ ಕಳೆದುಕೊಂಡೆನೋ ದೇವರಿಗೇ ಗೊತ್ತು.

ವಸಯಿಯಲ್ಲಿ, ಹೆಂಗಸರ ಡಬ್ಬಿ ನಿಲ್ಲುವ ಜಾಗದಲ್ಲೇ, ಕಲ್ಲುಬೆಂಚಿನ ಮೇಲೆ ಹಸಿರು ಸೀರೆ ಕುಳಿತಿತ್ತು. ಚೈತ್ರಾ ಅವಳ ಮಡಿಲಲ್ಲಿ ಬಿಸ್ಕತ್ತು ತಿನ್ನುತ್ತಿದ್ದಳು.

ನಾನು ಕಾಲಿಗೆ ಬಿದ್ದೆ. ಅವಳು ಕಾಲು ಹಿಂದೆಳೆದುಕೊಂಡು, "ಆಪಲಂ ಪೋರ್ ಅಸಂ ಕುಣಾಲಾಹೀ ದೇತಾತ್ ಕಾ?" ಎಂದು ಮರಾಠಿಯಲ್ಲಿ ಗದರಿದಳು. ಹೆತ್ತ ಮಗುವನ್ನು ಹೀಗೆ ಸಿಕ್ಕಸಿಕ್ಕವರಿಗೆ ಕೊಡುತ್ತಾರಾ ಎಂದು. ಊರಲ್ಲಿ ನೆರೆಮನೆಯವರಿಂದ ಕಲಿತ ಕೊಂಕಣಿಯ ಬಲದಿಂದ ಅಷ್ಟು ಅರ್ಥವಾಯಿತು. ಅವಳು ಮಗುವನ್ನು ನನಗೆ ಒಪ್ಪಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡು, ಬಂದ ಗಾಡಿಗೆ ಹಾರಿ ಹೋದಳು. ಹೆಸರು ಕೇಳುವುದಕ್ಕೂ ಆಗಲಿಲ್ಲ. ಈ ಸಂಗತಿಯನ್ನು ಗಂಡನಿಗೆ ನಾನು ಇದುವರೆಗೆ ಹೇಳಿಲ್ಲ. ಇದನ್ನು ಓದಿದರೆ ಬೈಯಲಿ.

ಕಳೆದ ತಿಂಗಳು ಮಗಳೊಂದಿಗೆ ಊರಿಗೆ ಹೋಗಿದ್ದೆ. ಕುಮಟಾದಲ್ಲಿ ರೈಲಿಳಿದು ಭಟ್ಕಳ ಬಸ್ಸು ಹತ್ತಿದೆ. ಕಾಲಿಡಲು ಜಾಗವಿಲ್ಲ. ಕಿಟಕಿ ಬದಿಯ ಸೀಟಿನಲ್ಲಿ ಕುಳಿತ ಅಜ್ಜಿಯೊಬ್ಬಳು, "ಕೊಡೆ ತಂಗಿ, ಕೂಸಿನ್ನ ಇತ್ಲಾಗೆ. ತೊಡೆ ಮೇಲೆ ಕೂರ್ಸ್ಕಳ್ತೆ" ಎಂದು ಎರಡೂ ಕೈ ಚಾಚಿದಳು. ಮಗು ಹೋಗಲು ಬಗ್ಗಿತು. ನಾನು ಗಟ್ಟಿಯಾಗಿ ಅವುಚಿಕೊಂಡೆ.

"ಎಂತಕ್ಕೆ ಹೆದರ್ತ್ಯೆ? ನಾ ಕೂಸಿನ್ನ ಎಂತ ತಿಂಬುದಿಲ್ಲ" ಅಂದಳು ಅಜ್ಜಿ.

"ಬ್ಯಾಡ ಅಜ್ಜಿ, ಅಡ್ಡಿಲ್ಲ" ಎಂದೆ. ಬಸ್ಸಿನಿಂದ ಮಗು ಎಲ್ಲಿಗೂ ಹೋಗುವುದಿಲ್ಲವೆಂದು ನನಗೆ ಗೊತ್ತಿತ್ತು. ಆದರೂ ಕೈ ಸಡಿಲವಾಗಲಿಲ್ಲ. ಅಜ್ಜಿಯ ಕೈಗಳು ಸ್ವಲ್ಪ ಹೊತ್ತು ಹಾಗೇ ಇದ್ದು, ಮಡಿಲಿಗೆ ಇಳಿದವು. ಅವಳು ಪಕ್ಕದವಳ ಕಡೆ ತಿರುಗಿ, ನನಗೆ ಕೇಳದಿರಲೆಂದು ದನಿ ತಗ್ಗಿಸಿ ಹೇಳಿದಳು:

"ಬೊಂಬಾಯಿ ಬದಿಯೋರು ಆಗಿರ್ಬೇಕು. ನಮ್ಮೂರೋರಲ್ಲ."