ಸಿಟ್ಟು ಬರುವ ದೇವರು

ಮಹಾರಾಜರ ಕಾಲದಲ್ಲಿ ನಾನು ಹುಣಸೂರಿನ ಕಡೆ ಕ್ರೈಸ್ತ ಉಪದೇಶಿಯಾಗಿದ್ದೆ. ಪಾಪದ ಮೇಲೆ ದೇವರಿಗೆ ಕೋಪ ಅಂದರೆ ಜನ ಹೆದರಿ ಎದ್ದು ಹೋಗುತ್ತಾರೆಂದು, ಹೋದಲ್ಲೆಲ್ಲ ಅವನ ಪ್ರೀತಿಯನ್ನಷ್ಟೇ ಹೇಳುತ್ತಿದ್ದೆ.

ಸರಗೂರಿನ ಸಂತೆಯಲ್ಲಿ ಒಮ್ಮೆ ಹಾಗೆ ಹೇಳಿ ಮುಗಿಸಿದಾಗ, ಪೊರಕೆ ಮಾರುತ್ತಿದ್ದ ಮುದುಕಿಯೊಬ್ಬಳು ಹತ್ತಿರ ಬಂದಳು.

“ನಿಮ್ ದೇವ್ರಿಗೆ ಸಿಟ್ಟೇ ಬರಾಕಿಲ್ವ, ಅಯ್ಯನೋರೆ?”

“ಇಲ್ಲ ಕಣವ್ವ, ಹೆದರಬೇಡ,” ಅಂದೆ.

ಅವಳ ಮುಖ ಸಪ್ಪಗಾಯಿತು. “ಅಂಗಾರೆ ಅವ್ನೂ ಎಲ್ರಂಗೇಯ,” ಅಂತ ತಿರುಗಿ ಹೊರಟಳು.

ತಡೆದು ಕೇಳಿದೆ. ಹೆರಿಗೆ ಕಷ್ಟವಾದ ಮಗಳನ್ನು ಆಸ್ಪತ್ರೆಗೆ ಸಾಗಿಸಲು ಊರ ಪಟೇಲನ ಗಾಡಿ ಬೇಡಿದ್ದಳಂತೆ. ಇವರು ಕೂತರೆ ಗಾಡಿ ಮೈಲಿಗೆಯಾಗುತ್ತದೆಂದು ಅವನು ಕೊಡಲಿಲ್ಲ. ನಡೆಯುತ್ತ ಹೋದ ಮಗಳು ದಾರಿಯಲ್ಲೇ ತೀರಿಕೊಂಡಳು.

“ಅಣೆಬರ ಬುಡವ್ವ ಅಂದ್ರು ಎಲ್ರೂವೆ. ಒಬ್ರಿಗೂ ಸಿಟ್ಟು ಬರ್ನಿಲ್ಲ ಕಣಪ್ಪ.”

“ನಾನು ಹೇಳಿದ್ದು ತಪ್ಪು ಅವ್ವ. ನಿನ್ನ ಮಗಳೆಂದರೆ ದೇವರಿಗೆ ಪ್ರೀತಿ. ಅದಕ್ಕೇ ಆ ಪಟೇಲ ಮಾಡಿದ ಪಾಪದ ಮೇಲೆ ದೇವರಿಗೆ ಬಹಳ ಸಿಟ್ಟಿದೆ.”

ಅವಳು ಅಲ್ಲೇ ಕುಸಿದು ಕೂತು ಮನಸಾರೆ ಅತ್ತಳು. ಹೊತ್ತ ಹೊರೆ ಇಳಿಸಿದವಳ ಹಾಗೆ ಉಸಿರುಬಿಟ್ಟಳು. ಮುಚ್ಚಿಟ್ಟಿದ್ದ ಮಾತು ಹೊರಬಂದದ್ದರಿಂದ ನನಗೂ ಹಗುರವಾಯಿತು.

“ಆ ಪಟೇಲ ತಪ್ಪಾಯ್ತು ಅಂತ ಅತ್ರೆ?”

“ನಿಜವಾಗಿ ಪಶ್ಚಾತ್ತಾಪಪಟ್ಟರೆ ಅವನನ್ನೂ ಮನ್ನಿಸುತ್ತಾನೆ.”

ಸೆರಗಿನಲ್ಲಿ ಕಣ್ಣೊರೆಸಿಕೊಂಡು ಯೋಚಿಸಿದಳು. “ಮನ್ನಿಸ್ಲಿ ಬುಡು. ಆದ್ರೆ ವಸಿ ದಿನ ತಡ್ದು ಮನ್ನಿಸು ಅಂತ ನಿಮ್ ದೇವ್ರಿಗೆ ಏಳು.”

ಆ ಮಾತನ್ನು ಪ್ರಾರ್ಥನೆಯ ಯಾವ ಭಾಗದಲ್ಲಿ ಸೇರಿಸಬೇಕೆಂದು ನಮಗೆ ಯಾರೂ ಕಲಿಸಿರಲಿಲ್ಲ.